ಹಡಗು ಕಳಕೊಳ್ಳದ ಅಡ್ಮಿರಲ್

ಟೀಮ್ ಔಟಿಂಗ್ ಅಂತ ಮಂಗಳೂರಿಗೆ ಹೋಗಿದ್ದೆವು. ಸುಲ್ತಾನ್ ಬತ್ತೇರಿ ಹತ್ತಿರ, ತಣ್ಣೀರುಬಾವಿ ಕಡೆ ಹೋಗುವ ದೋಣಿಗೆ ಕಾಯುತ್ತ ನಿಂತಿದ್ದಾಗ ನಮ್ಮ ಟೀಮಿನ ಹುಡುಗಿಯೊಬ್ಬಳು ಆ ಕರಿಕಲ್ಲಿನ ಬುರುಜು ನೋಡಿ, "ಇಷ್ಟು ಸಣ್ಣ ಕೋಟೆ ಕಟ್ಟೋಕೆ ಟಿಪ್ಪು ಯಾರಿಗೆ ಹೆದರಿದ್ದ?" ಅಂತ ಕೇಳಿದಳು.

"ಬ್ರಿಟಿಷರ ಹಡಗಿಗೆ" ಅಂದೆ.

"ಹಡಗಿಗೆ ಅಂದ್ರೆ? ಯಾರೋ ಒಬ್ಬ ಇರಬೇಕಲ್ಲ? ಅವನಿಗೆ ಹೆಸರಿಲ್ವಾ?"

ದೋಣಿ ಬಂತು, ಎಲ್ಲರೂ ಸೆಲ್ಫಿಗೆ ಓಡಿದರು. ನನಗೆ ಮಾತ್ರ ಆ ಪ್ರಶ್ನೆ ಹಲ್ಲಿನ ಸಂದಿಯ ಕಡ್ಡಿಯ ಹಾಗೆ ಉಳಿಯಿತು. ನಾನು ಗುತ್ತಲದವನು. ನಮ್ಮ ಸೀಮೆಯವರಿಗೆ ನೀರು ಅಂದರೆ ತುಂಗಭದ್ರಾ ಮತ್ತು ಕೆರೆ, ಅಷ್ಟೇ. ಸಮುದ್ರ ಅನ್ನೋದು ಹೈಸ್ಕೂಲಿನ ಪ್ರವಾಸದಲ್ಲಿ ಒಮ್ಮೆ ನೋಡಿ ಬರುವ ವಸ್ತು. ಆದರೂ ಬೆಂಗಳೂರಿಗೆ ವಾಪಸ್ ಬಂದ ಮೇಲೆ ಹುಡುಕಿದೆ. ಹೆಸರು ಸಿಕ್ಕಿತು. ಅಡ್ಮಿರಲ್ ಸರ್ ಎಡ್ವರ್ಡ್ ಹ್ಯೂಸ್. ಬುರುಜು 1784ರದ್ದು ಅನ್ನುತ್ತಾರೆ. ಅದಕ್ಕೂ ನಾಲ್ಕು ವರ್ಷ ಮೊದಲು, 1780ರ ಡಿಸೆಂಬರ್ 8ರಂದು, ಹೈದರ್ ಅಲಿ ಮಂಗಳೂರಿನಲ್ಲಿ ಸಜ್ಜು ಮಾಡಿಟ್ಟಿದ್ದ ಯುದ್ಧದ ಹಡಗುಗಳನ್ನು ನಾಶ ಮಾಡಿದವನು ಇವನೇ.

ಹೆಸರು ಸಿಕ್ಕಿದ ಮೇಲೆ ಕಥೆ ಬೇಕಲ್ಲ. ಇಲ್ಲಿಂದಲೇ ನನ್ನ ತಕರಾರು ಶುರು.

ಹ್ಯೂಸ್ ಬಗ್ಗೆ ಓದಬೇಕು ಅಂದರೆ ಎಲ್ಲರೂ ತೋರಿಸುವ ದಾರಿ ಒಂದೇ. ಅಮೆರಿಕದ ನೌಕಾಧಿಕಾರಿ ಆಲ್‌ಫ್ರೆಡ್ ಥೇಯರ್ ಮಹಾನ್ 1890ರಲ್ಲಿ ಬರೆದ, ಇತಿಹಾಸದ ಮೇಲೆ ಕಡಲ ಬಲದ ಪ್ರಭಾವ ಕುರಿತ ಪುಸ್ತಕ. (ಹೆಸರೇ ಮಹಾನ್, ಏನು ಮಾಡೋದು!) ಜಗತ್ತಿನ ನೌಕಾಪಡೆಗಳೆಲ್ಲ ಪಠ್ಯದ ಹಾಗೆ ಓದಿದ ಪುಸ್ತಕ ಅದು. ಅದರಲ್ಲಿ ಒಂದು ದೊಡ್ಡ ಅಧ್ಯಾಯ ನಮ್ಮ ಕಡಲುಗಳ ಯುದ್ಧಕ್ಕೆ ಮೀಸಲು. ಆ ಅಧ್ಯಾಯಕ್ಕೆ ಒಬ್ಬ ಹೀರೋ ಇದ್ದಾನೆ. ಅವನು ಹ್ಯೂಸ್ ಅಲ್ಲ, ಅವನ ಎದುರಾಳಿ, ಫ್ರೆಂಚ್ ಅಡ್ಮಿರಲ್ ಸಫ್ರೆನ್.

ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ಹೈದರ್ 1780ರಲ್ಲಿ ಘಟ್ಟ ಇಳಿದು ಆರ್ಕಾಟಿನ ಸೀಮೆಗೆ ನುಗ್ಗಿದ. ಸೆಪ್ಟೆಂಬರ್‌ನಲ್ಲಿ ಪೊಲ್ಲಿಲೂರಿನಲ್ಲಿ ಕಂಪನಿಯ ಸೈನ್ಯವನ್ನು ಅರೆದು ಹಾಕಿದ. ನೆಲದ ಮೇಲೆ ಅವನ ಕೈ ಮೇಲು. ಕಡಲ ಮೇಲೆ ಮಾತ್ರ ಅವನಿಗೆ ಫ್ರೆಂಚರ ನೆರವು ಬೇಕಿತ್ತು. 1781ರ ಶುರುವಿನಲ್ಲಿ, ಹ್ಯೂಸ್ ಇನ್ನೂ ಪಶ್ಚಿಮ ಕರಾವಳಿಯಲ್ಲಿದ್ದಾಗ, ದೋರ್ವ್ ಅನ್ನುವ ಫ್ರೆಂಚ್ ದಳಪತಿ ಹಡಗು ತಗೊಂಡು ಪೂರ್ವ ಕರಾವಳಿಗೆ ಬಂದ. ಹೈದರ್ ಎಷ್ಟು ಕೇಳಿಕೊಂಡರೂ ನಿಲ್ಲದೆ ಹೊರಟುಹೋದ. ಮರುವರ್ಷ ಬಂದವನು ಸಫ್ರೆನ್. ಆಮೇಲೆ ಹದಿನಾರು ತಿಂಗಳಲ್ಲಿ ಇವರಿಬ್ಬರೂ ಐದು ಸಲ ಕಾದಾಡಿದರು. 1782ರ ಫೆಬ್ರವರಿಯಲ್ಲಿ ಸದ್ರಾಸ್, ಏಪ್ರಿಲ್‌ನಲ್ಲಿ ಪ್ರೊವಿಡಿಯನ್, ಜುಲೈನಲ್ಲಿ ನಾಗಪಟ್ಟಣ, ಸೆಪ್ಟೆಂಬರ್‌ನಲ್ಲಿ ತ್ರಿಂಕೋಮಲಿ, 1783ರ ಜೂನ್ 20ರಂದು ಕಡಲೂರು. ಐದೂ ಕಾದಾಟಗಳಲ್ಲಿ ಒಂದು ಕಡೆಯವರೂ ಇನ್ನೊಬ್ಬರ ದೊಡ್ಡ ಹಡಗನ್ನು ಹಿಡಿಯಲಿಲ್ಲ, ಮುಳುಗಿಸಲೂ ಇಲ್ಲ. ಕೊನೆಯದರ ತಮಾಷೆ ನೋಡಿ: ಯುರೋಪಿನಲ್ಲಿ ಶಾಂತಿಯ ಕರಾರಿಗೆ ಜನವರಿಯಲ್ಲೇ ಸಹಿ ಬಿದ್ದಿತ್ತು. ಸುದ್ದಿ ಇನ್ನೂ ದಾರಿಯಲ್ಲಿತ್ತು. ಐದು ತಿಂಗಳ ನೆಟ್‌ವರ್ಕ್ ಡಿಲೇ, ಅಷ್ಟರಲ್ಲಿ ನೂರಾರು ಹೆಣ.

ಮಹಾನ್ ಈ ಐದನ್ನೂ ಬಿಡಿಸಿ ಹೇಳುತ್ತಾನೆ. ಸಫ್ರೆನ್ ಮೈಮೇಲೆ ಬೀಳುವವನು, ಹೊಸ ದಾರಿ ಹುಡುಕುವವನು. ತನಗೊಂದು ಬಂದರು ಇಲ್ಲದಿದ್ದರೂ ತ್ರಿಂಕೋಮಲಿಯನ್ನು ಕಿತ್ತುಕೊಂಡವನು. ಅವನ ಕಪ್ತಾನರೇ ಸರಿಯಾಗಿ ಸಾಥ್ ಕೊಡಲಿಲ್ಲ. ಹ್ಯೂಸ್‌ಗೂ ಮಹಾನ್ ಅನ್ಯಾಯ ಮಾಡುವುದಿಲ್ಲ. ಗಟ್ಟಿ ನಾವಿಕ, ಹಠ ಬಿಡದವನು, ಶಿಸ್ತಿನ ಕಪ್ತಾನರಿದ್ದವನು ಅಂತ ಒಪ್ಪಿಕೊಳ್ಳುತ್ತಾನೆ. ಆದರೆ ಪ್ರತಿಭೆ ಅನ್ನುವ ಮಾರ್ಕ್ಸ್ ಹೋಗುವುದು ಸಫ್ರೆನ್‌ಗೆ.

ಇದನ್ನು ಓದುವಾಗ ನನಗೆ ನಮ್ಮ ಅಪ್‌ರೈಸಲ್ ನೆನಪಾಯಿತು. ನಗಬೇಡಿ. ನಾನು ಹತ್ತು ವರ್ಷದಿಂದ ಪ್ರೊಡಕ್ಷನ್ ಸಪೋರ್ಟ್‌ನಲ್ಲಿದ್ದೇನೆ. ನನ್ನ ಕೆಲಸ ಸರಿಯಾಗಿ ನಡೆದರೆ ಏನೂ ಆಗುವುದಿಲ್ಲ. ಏನೂ ಆಗದಿರುವುದೇ ನನ್ನ ಕೆಲಸ. ಒಂದು ವರ್ಷ, ತನ್ನದೇ ತಪ್ಪಿನಿಂದ ಸಿಸ್ಟಮ್ ಕೆಡವಿ, ರಾತ್ರಿಯಿಡೀ ಕೂತು ಎಬ್ಬಿಸಿದ ಹುಡುಗನಿಗೆ ಪ್ರಶಸ್ತಿ ಬಂತು. ಕೆಡಿಸಿಕೊಳ್ಳದೆ ನಡೆಸಿದವನಿಗೆ, ಅಂದರೆ ನನಗೆ, "ಇನ್ನಷ್ಟು ವಿಸಿಬಿಲಿಟಿ ಬೇಕು" ಅನ್ನುವ ಸಲಹೆ ಬಂತು. ಹೀಗಾಗಿ ಮಹಾನ್ ಪುಸ್ತಕದಲ್ಲಿ ನಾನು ತಕ್ಷಣ ಹ್ಯೂಸ್ ಪಾರ್ಟಿ ಸೇರಿಬಿಟ್ಟೆ.

ಯಾಕೆಂದರೆ ಲೆಕ್ಕ ಹಾಕಿ. ಸಫ್ರೆನ್ ಗೆಲ್ಲಲೇಬೇಕಿತ್ತು. ಹ್ಯೂಸ್ ಸೋಲದಿದ್ದರೆ ಸಾಕಿತ್ತು. ಸದ್ರಾಸಿನಲ್ಲಿ ಅವನ ಹತ್ತಿರ ಇದ್ದದ್ದು ಒಂಬತ್ತೇ ದೊಡ್ಡ ಹಡಗು, ಎದುರಿಗಿದ್ದದ್ದು ಅದಕ್ಕಿಂತ ಹೆಚ್ಚು. ಮದ್ರಾಸಿಗೆ ಆಗ ಸರಿಯಾದ ಬಂದರೇ ಇಲ್ಲ, ತೆರೆದ ಕಡಲು. ಪೆಟ್ಟು ತಿಂದ ಹಡಗಿಗೆ ಕಟ್ಟೆ ಬೇಕು ಅಂದರೆ ಇಡೀ ದಕ್ಷಿಣ ಭಾರತ ಸುತ್ತು ಹಾಕಿ ಮುಂಬಯಿಗೆ ಹೋಗಬೇಕು. ಅಷ್ಟರಲ್ಲೂ ಹಡಗುಗಳನ್ನು ಉಳಿಸಿಕೊಂಡು, ಪ್ರತಿ ಕಾದಾಟದ ಮರುದಿನವೂ ಕಡಲ ಮೇಲೆ ಇದ್ದ. ಮಹಾನ್‌ನ ಅಳತೆಗೋಲು ಹೊಳಪನ್ನು ಅಳೆಯುತ್ತದೆ, ಬಾಳಿಕೆಯನ್ನು ಅಳೆಯುವುದಿಲ್ಲ. ಪುಸ್ತಕದ ಮೇಲೆ ಇದು ನನ್ನ ಮೊದಲ ಆಕ್ಷೇಪ.

ಹ್ಯೂಸ್ ಕೆರಿಯರ್ ಪೂರ್ತಿ ಹೀಗೇ. ಹುಟ್ಟಿದ್ದು 1720ರ ಸುಮಾರಿಗೆ, ನೌಕಾಪಡೆ ಸೇರಿದ್ದು 1735ರಲ್ಲಿ. ಪೋರ್ಟೊಬೆಲೊ, ಲೂಯಿಬರ್ಗ್, ಕ್ವಿಬೆಕ್, ಆ ಕಾಲದ ದೊಡ್ಡ ಹೆಸರಿನ ಯುದ್ಧಗಳಲ್ಲೆಲ್ಲ ಇದ್ದ. ಫೋಟೋದ ಅಂಚಿನಲ್ಲಿ ಇರುತ್ತಾರಲ್ಲ, ಹಾಗೆ. 1773ರಲ್ಲಿ ಈ ಕಡೆಯ ಕಡಲಿನ ದಳಪತಿಯಾಗಿ ಮೊದಲ ಸಲ ಬಂದಾಗ ಅವನ ಕೈಕೆಳಗಿನ 'ಸೀಹಾರ್ಸ್' ಹಡಗಿನಲ್ಲಿ ಒಬ್ಬ ಸಣಕಲು ಹುಡುಗ ಇದ್ದ. 1775ರ ಫೆಬ್ರವರಿ 19ರಂದು, ಕಂಪನಿಯ ದುಡ್ಡು ಹೊತ್ತು ಮುಂಬಯಿಗೆ ಹೊರಟಿದ್ದ ಆ ಹಡಗಿನ ಮೇಲೆ ಹೈದರನ ಎರಡು ಸಣ್ಣ ಹಡಗುಗಳು ಬಿದ್ದವು. ಸ್ವಲ್ಪ ಹೊತ್ತು ಗುಂಡು ಹಾರಿ, ಹೈದರನವು ಹಿಂದೆ ಸರಿದವು. ಹದಿನಾರು ವರ್ಷದ ಆ ಹುಡುಗ ಕಂಡ ಮೊದಲ ಕಾದಾಟ ಅದು. ಹುಡುಗನ ಹೆಸರು ಹೊರೇಷಿಯೊ ನೆಲ್ಸನ್.

ಓದಿದಾಗ ನನಗೆ ರೋಮಾಂಚನ ಆಯಿತು, ಸುಳ್ಳು ಯಾಕೆ ಹೇಳಲಿ. ಟ್ರಫಾಲ್ಗರ್‌ನ ನೆಲ್ಸನ್‌ಗೆ ಮೊದಲ ಪಾಠ ಕಲಿಸಿದ್ದು ನಮ್ಮ ಕಡೆಯ ಹಡಗು! ಆದರೆ 1813ರಲ್ಲಿ ರಾಬರ್ಟ್ ಸೌದಿ ಬರೆದ ನೆಲ್ಸನ್‌ನ ಪ್ರಸಿದ್ಧ ಜೀವನಚರಿತ್ರೆ ತೆಗೆದರೆ ಭಾರತದ ಆ ವರ್ಷಗಳು ಬೇಗ ಮುಗಿದುಹೋಗುತ್ತವೆ. ಉಳಿಯುವುದು ಜ್ವರ ಮತ್ತು ಊರಿಗೆ ವಾಪಸ್ ಪಯಣ. ಆ ಎರಡು ಹಡಗಿನಲ್ಲಿ ಇದ್ದವರು ಯಾರು, ಯಾವ ಊರಿನವರು, ಯಾವ ಭಾಷೆಯಲ್ಲಿ ಕೂಗಿದರು? ನೆಲ್ಸನ್‌ಗೆ ಒಂದು ಕಪಾಟು ತುಂಬ ಜೀವನಚರಿತ್ರೆ, ಹ್ಯೂಸ್‌ಗೆ ಸಫ್ರೆನ್‌ನ ಅಧ್ಯಾಯದಲ್ಲಿ ಬಾಡಿಗೆ ಕೋಣೆ. ಅವರಿಗೆ ಒಂದು ಸಾಲೂ ಇಲ್ಲ.

ಇಲ್ಲಿಗೆ ಬಂದಾಗ ನನ್ನ ಹ್ಯೂಸ್ ಪ್ರೀತಿ ಇಳಿಯತೊಡಗಿತು.

ಮಂಗಳೂರಿಗೆ ವಾಪಸ್ ಬರೋಣ. ಹೈದರ್‌ಗೆ ಬಿದನೂರು 1763ರಲ್ಲಿ ಕೈಸೇರಿದ ಮೇಲೆ ಕರಾವಳಿ ಸಿಕ್ಕಿತು. ಘಟ್ಟದ ಮರ ಸಿಕ್ಕಿತು, ಗೋವೆಗೂ ಮಸ್ಕತ್‌ಗೂ ಅಕ್ಕಿ ಕಳಿಸುವ ಬಂದರು ಸಿಕ್ಕಿತು. ಅಲ್ಲಿ ಹಡಗು ಕಟ್ಟಿಸಿದ. ಮುರಿದವು, ಮತ್ತೆ ಕಟ್ಟಿಸಿದ. ಅಂಥ ಹಡಗುಗಳನ್ನೇ ಹ್ಯೂಸ್ ಬಂದರಿನಲ್ಲೇ ಮುಗಿಸಿದ್ದು. ಇಂಗ್ಲಿಷ್ ದಾಖಲೆಗಳ ಪ್ರಕಾರ ಅವು ಕಂಪನಿಯ ವ್ಯಾಪಾರಕ್ಕೆ ಕಾಟ ಕೊಡಲು ಸಜ್ಜಾಗಿದ್ದ ಹಡಗುಗಳು. ಸರಿ, ಯುದ್ಧದಲ್ಲಿ ಅದು ನ್ಯಾಯವೇ ಇರಬಹುದು. ಆದರೆ ಪರಿಣಾಮ ನೋಡಿ. 1782ರ ಜುಲೈನಲ್ಲಿ ಸಫ್ರೆನ್ ಮತ್ತು ಹೈದರ್ ಕಡಲೂರಿನ ಹತ್ತಿರ ಭೇಟಿಯಾದಾಗ ಹೈದರ್ ಹತ್ತಿರ ಸೈನ್ಯ ಇತ್ತು, ಧಾನ್ಯ ಇತ್ತು, ದನ ಇತ್ತು. ಫ್ರೆಂಚರ ಜೊತೆ ಸಾಲಾಗಿ ನಿಲ್ಲಿಸಬಲ್ಲ ನೌಕಾಪಡೆ ಮಾತ್ರ ಇರಲಿಲ್ಲ. ಕಡಲ ವಿಷಯಕ್ಕೆ ಅವನು ಇನ್ನೊಬ್ಬರ ಮರ್ಜಿ ಕಾಯಬೇಕಾಯಿತು. ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡ.

ಹಾಗಾದರೆ ಹ್ಯೂಸ್‌ನ ದೊಡ್ಡ ಕೆಲಸ ಯಾವುದು? ಮಹಾನ್ ಬಿಡಿಸಿ ಹೇಳಿದ ಐದು ಕಾದಾಟಗಳೋ, ನಕ್ಷೆಯೇ ಬೇಡದ ಒಂದು ದಿನವೋ? ನನ್ನ ಎರಡನೇ ಆಕ್ಷೇಪ ಇದು. ಯುರೋಪಿನ ಇಬ್ಬರ ಚದುರಂಗ ಅಂತ ಕಥೆ ಕಟ್ಟಿದ ಕೂಡಲೇ ಮೂರನೆಯವನು ಆಟಗಾರನಾಗಿ ಉಳಿಯುವುದಿಲ್ಲ, ಹಲಗೆ ಆಗಿಬಿಡುತ್ತಾನೆ.

ಇನ್ನೊಂದು ವಿಷಯ. ನಾನು ಹೊಗಳಿದ ಆ ಬಾಳಿಕೆಗೂ ಬೆಲೆ ಇತ್ತು. ತ್ರಿಂಕೋಮಲಿಯ ರಕ್ಷಣೆಗೆ ಹ್ಯೂಸ್ ಹೊರಟದ್ದು ತಡವಾಯಿತು. ಅವನು ಮುಟ್ಟುವ ಹೊತ್ತಿಗೆ ಕೋಟೆ ಸಫ್ರೆನ್ ಕೈಯಲ್ಲಿತ್ತು. ಆ ವರ್ಷ ಹಿಂಗಾರಿ ಬಿರುಗಾಳಿಯ ಕಾಲಕ್ಕೆ, ಬರದಲ್ಲಿ ಹಸಿದಿದ್ದ ಮದ್ರಾಸನ್ನು ಬಿಟ್ಟು ಮುಂಬಯಿಗೆ ಹೊರಟ. ಹಡಗು ಉಳಿದವು. ದಡದ ಮೇಲಿನವರ ಲೆಕ್ಕ ಬೇರೆ. ಸಿಸ್ಟಮ್ ಉಳಿಯಿತು ಅನ್ನುವವರು ಯಾರ ಸಿಸ್ಟಮ್ ಅಂತಲೂ ಹೇಳಬೇಕು. ಇದು ನನಗೂ ಅನ್ವಯಿಸುತ್ತದೆ, ಗೊತ್ತು.

ಹ್ಯೂಸ್ ಇಲ್ಲಿಂದ ಭಾರೀ ದುಡ್ಡು ಮಾಡಿಕೊಂಡು ಹೋದ. 1794ರಲ್ಲಿ ಎಸೆಕ್ಸ್‌ನಲ್ಲಿ ಸತ್ತ. ಜೋಶುವಾ ರೆನಾಲ್ಡ್ಸ್ ಬರೆದ ಅವನ ಚಿತ್ರ ಇದೆ: ತುಂಬಿದ ಮೈ, ಅವಸರವಿಲ್ಲದ ಮುಖ. ಆ ಆಸ್ತಿ ಮುಂದೆ ಹೆಂಡತಿಯ ಕಡೆಯ ಮೊಮ್ಮಗನಿಗೆ ಹೋಯಿತು. ಲಂಡನ್ ಅವನನ್ನು 'ಗೋಲ್ಡನ್ ಬಾಲ್' ಅಂತ ಕರೆಯಿತು. ಅವನು ಜೂಜು, ಷೋಕಿಯಲ್ಲಿ ಕರಗಿಸಿ, ಸಾಲಗಾರರಿಂದ ತಪ್ಪಿಸಿಕೊಳ್ಳಲು ಫ್ರಾನ್ಸಿಗೆ ಓಡಿದ. ಫ್ರೆಂಚರಿಂದ ಕಾಪಾಡಿದ ದುಡ್ಡು, ಕೊನೆಗೆ ಅವರ ನೆಲದಲ್ಲೇ ತಲೆಮರೆಸಿಕೊಂಡಿತು!

ಇದನ್ನೆಲ್ಲ ಊರಿಗೆ ಹೋದಾಗ ಅಪ್ಪಗೆ ಹೇಳಿದೆ. ಸಮುದ್ರದ ಕಥಿ ಅಪ್ಪಗೆ ರುಚಿಸಲಿಲ್ಲ. ಹ್ಯೂಸ್ ಏನೂ ಕಳಕೊಳ್ಳದೆ ಕಾಯ್ದ ಅಂದಾಗ ಮಾತ್ರ, "ನೀರಗಂಟಿ ಇದ್ದಂಗ" ಅಂದರು.

ಕೆರೆಯ ತೂಬು ಕಾಯುವವನು ನೀರಗಂಟಿ. ಯಾರ ಗದ್ದಿಗೆ ಎಷ್ಟು ನೀರು ಅನ್ನೋದು ಅವನ ಕೈಯಲ್ಲಿ. ನಮ್ಮ ಗುತ್ತಲ, ಹಳೆಯ ಗುತ್ತವೊಳಲು, ಗುತ್ತರಸರ ರಾಜಧಾನಿ. ಹಾವೇರಿ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರ ಇಲ್ಲ. ತುರು ಬಿಡಿಸಲು ಹೋಗಿ ಸತ್ತವನಿಗೆ ಮೂರು ಪಟ್ಟಿಯ ಕಲ್ಲು: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಕೆರೆಗೆ ಭೂಮಿ ಬಿಟ್ಟವನಿಗೆ ಶಾಸನ. ತೂಬು ಕಾಯ್ದವನಿಗೆ ಕೆತ್ತಿದ ಕಲ್ಲನ್ನು ನಾನಂತೂ ಕಂಡಿಲ್ಲ. ಮಹಾನ್ ಸಫ್ರೆನ್‌ಗೆ ನೆಟ್ಟದ್ದು ಒಂದು ವೀರಗಲ್ಲು. ನಾನು ಹ್ಯೂಸ್‌ಗೆ ನೀರಗಂಟಿಯ ಕಲ್ಲು ನೆಡಲು ಹೊರಟಿದ್ದೆ.

ಅಪ್ಪನ ಮಾತು ಅಲ್ಲಿಗೆ ಮುಗಿಯಲಿಲ್ಲ. ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು ಕೇಳಿದರು: "ಅಲ್ಲೋ ತಮ್ಮಾ, ಚಲೋ ನೀರಗಂಟಿ ಅಂತೀಯಲ್ಲ, ಯಾರ ಕೆರಿ ಕಾಯ್ತಿದ್ದ ಅಂವ?"

ಸುಲ್ತಾನ್ ಬತ್ತೇರಿಯಲ್ಲಿ ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಎರಡು ತಿಂಗಳು ಹಿಡಿಯಿತು. ಅಪ್ಪ ಕೇಳಿದ್ದಕ್ಕೆ ಉತ್ತರ ಅಲ್ಲೇ ಇತ್ತು: ಕಂಪನಿಯ ಕೆರೆ. ಹೇಳಲು ಬಾಯಿ ಬರಲಿಲ್ಲ. ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಲ್ಯಾಪ್‌ಟಾಪ್ ತೆರೆದೆ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಎಲ್ಲ ಸರಿಯಾಗಿ ನಡೀತಿತ್ತು.