ಹಾಶಿಯಾ: ಅಂಚೂ ಚಿತ್ರವೇ

ಜಲವರ್ಣದಲ್ಲಿ ಚಿತ್ರ ಬರೆಯುವವರಲ್ಲಿ ಎರಡು ರೂಢಿಗಳಿವೆ. ಕೆಲವರು ಕಾಗದದ ನಾಲ್ಕೂ ಬದಿಗೆ ಟೇಪ್ ಅಂಟಿಸಿಕೊಂಡು ಬಣ್ಣ ಹಚ್ಚುತ್ತಾರೆ. ಟೇಪ್ ಬಿಡಿಸಿದಾಗ ಚಿತ್ರದ ಸುತ್ತ ಬಿಳಿಯ ಅಂಚು ಉಳಿಯುತ್ತದೆ. ಇನ್ನು ಕೆಲವರು ಕಾಗದದ ಕೊನೆಯವರೆಗೂ ಬಣ್ಣ ಒಯ್ಯುತ್ತಾರೆ. ಮೊದಲನೆಯದು ಅಚ್ಚುಕಟ್ಟು, ಎರಡನೆಯದು ಧಾರಾಳ ಎಂದು ನಾವು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತೇವೆ. ಆದರೆ ಹೀಗೆ ಹೇಳುವಾಗ ಅಂಚನ್ನು ಬರಿಯ ಖಾಲಿ ಜಾಗವೆಂದೇ ಎಣಿಸಿರುತ್ತೇವೆ. ಮೊಗಲ್ ಕಲಾವಿದರು ಹಾಗೆ ಎಣಿಸಿರಲಿಲ್ಲ.

ಅವರೂ ಕಾಗದದ ಮೇಲೆ ನೀರು ಮತ್ತು ಅಂಟಿನಲ್ಲಿ ಕಲಸಿದ ಬಣ್ಣಗಳಿಂದಲೇ ಬರೆದವರು. ಒಂದು ಚಿತ್ರವನ್ನೋ ಸುಂದರ ಬರಹವನ್ನೋ ದೊಡ್ಡ ಹಾಳೆಯ ನಡುವೆ ಅಂಟಿಸಿ, ಸುತ್ತ ಬಣ್ಣದ, ಚಿನ್ನದ ಗೆರೆಗಳನ್ನು ಎಳೆಯುತ್ತಿದ್ದರು. ಗೆರೆಯಾಚೆಯ ಅಗಲವಾದ ಅಂಚು ಅನೇಕ ಸಲ ಬೇರೊಬ್ಬ ಕಲಾವಿದನ ಪಾಲಾಗುತ್ತಿತ್ತು. ಈ ಅಂಚೇ ಹಾಶಿಯಾ. ಇಂತಹ ಹಾಳೆಗಳ ಸಂಪುಟವೇ ಮುರಕ್ಕಾ.

ಜಹಾಂಗೀರನಿಗಾಗಿ ಸಿದ್ಧವಾದ ಗುಲ್ಶನ್ ಮುರಕ್ಕಾದ ಬಹುಭಾಗ ತೆಹರಾನಿನ ಗುಲಿಸ್ತಾನ್ ಅರಮನೆಯಲ್ಲಿದೆ. ಅದರ ಒಂದು ಹಾಳೆ ವಾಷಿಂಗ್ಟನ್ನಿನ ಫ್ರಿಯರ್ ಸಂಗ್ರಹದಲ್ಲಿದೆ. ಅದರ ನಡುವೆ ಹೆಸರಾಂತ ಲಿಪಿಕಾರ ಮೀರ್ ಅಲಿಯ ಬರಹವಿದ್ದರೆ, ಹಾಶಿಯಾದಲ್ಲಿ ಕಾಗದಕ್ಕೆ ಹೊಳಪು ಕೊಡುವವರು, ಪುಸ್ತಕ ಕಟ್ಟುವವರು ತಮ್ಮ ತಮ್ಮ ಕೆಲಸದಲ್ಲಿ ಮುಳುಗಿ ಕುಳಿತಿದ್ದಾರೆ. ಇದೇ ಸಂಪುಟದ ಮತ್ತೊಂದು ಹಾಳೆಯ ಅಂಚಿನಲ್ಲಿ ದೌಲತ್ ಎಂಬ ಕಲಾವಿದ ತನ್ನ ಜೊತೆಗಾರರಾದ ಅಬುಲ್ ಹಸನ್, ಮನೋಹರ್, ಬಿಶನ್ ದಾಸ್, ಗೋವರ್ಧನರ ಮುಖಗಳನ್ನೂ ತನ್ನ ಮುಖವನ್ನೂ ಬರೆದಿದ್ದಾನೆ. ನಡುವಿನ ಜಾಗ ಬಾದಶಹನ ಅಭಿರುಚಿಗೆ ಮೀಸಲು. ದುಡಿಯುವ ಕೈಗಳಿಗೆ, ಹಿಂದೂ ಮುಸ್ಲಿಮ್ ಕಲಾವಿದರಿಗೆ ಒಟ್ಟಾಗಿ, ಮುಖ ದೊರೆತದ್ದು ಅಂಚಿನಲ್ಲಿ.

ಎಲ್ಲ ಹಾಶಿಯಾಗಳೂ ಈ ಎತ್ತರಕ್ಕೆ ಏರಿದವೆಂದು ನಾವು ಹೇಳುವುದಿಲ್ಲ. ಷಾಜಹಾನನ ಕಾಲದಲ್ಲಿ (1628–58) ಅಂಚಿನಲ್ಲಿ ಹೂಗಿಡಗಳು ಅರಳಿದವು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಮುರಕ್ಕಾ ಹಾಳೆಗಳಲ್ಲಿ ಅವನ್ನು ಕಾಣಬಹುದು. ಮುಂದಿನವರ ಕೈಯಲ್ಲಿ ಅದೇ ಹೂಗಳು ಬರಿಯ ನಕಲಾಗಿ ಸೊರಗಿದ್ದೂ ಉಂಟು. ಆದರೆ ಅದು ಕೈಯ ದೋಷ, ಅಂಚಿನದಲ್ಲ.

ದುಃಖದ ಸಂಗತಿಯೆಂದರೆ, ಇಂದು ಪುಸ್ತಕ, ಕ್ಯಾಲೆಂಡರ್, ಮೊಬೈಲ್ ಪರದೆಗಳಿಗಾಗಿ ಈ ಹಾಳೆಗಳ ನಡುಭಾಗವನ್ನಷ್ಟೇ ಕತ್ತರಿಸಿ ತೆಗೆಯಲಾಗುತ್ತಿದೆ. ದೌಲತನ ಹಾಳೆಗೆ ಹೀಗೆ ಮಾಡಿದರೆ ಐವರು ಕಲಾವಿದರು ಒಂದೇ ಕತ್ತರಿಗೆ ಇಲ್ಲವಾಗುತ್ತಾರೆ. ಮೊಗಲ್ ಕಲೆಯೆಂದರೆ ದೊರೆಗಳ ಬೆಡಗು ಮಾತ್ರ ಎನ್ನುವವರಿಗೆ ಉತ್ತರ ಹೇಳಬಲ್ಲ ಸಾಕ್ಷಿಯನ್ನೇ ನಾವು ಹೀಗೆ ಕಸದ ಬುಟ್ಟಿಗೆ ಹಾಕುತ್ತಿದ್ದೇವೆ.

ಇಂದಿನ ಜಲವರ್ಣಕಾರರಿಗೂ ಇದರಲ್ಲಿ ಪಾಠವಿದೆ. ಬಿಟ್ಟ ಬಿಳಿ ಅಂಚು ತೆಳುಬಣ್ಣದ ಬೆಳಕನ್ನು ಅಳೆಯಲು ಕಣ್ಣಿಗೆ ಒಂದು ಅಳತೆಗೋಲು. ಕೊನೆಯವರೆಗೆ ಹರಿದ ಬಣ್ಣ, ದೃಶ್ಯ ಕಾಗದದಾಚೆಗೂ ಇದೆಯೆಂದು ಸೂಚಿಸುತ್ತದೆ. ಆದರೆ ಚೌಕಟ್ಟು ಹಾಕುವವನು ಅದರ ಬದಿಗಳನ್ನು ಮುಚ್ಚಿಬಿಟ್ಟರೆ ಆ ಸೂಚನೆ ಸೊರಗುತ್ತದೆ. ಬಿಡಲಿ, ತುಂಬಲಿ, ಅದು ತಿಳಿದು ಮಾಡಿದ್ದಾಗಿರಲಿ. ಅಚ್ಚು ಹಾಕುವವರಲ್ಲಿ ನಮ್ಮ ಕೋರಿಕೆ ಒಂದೇ: ಹಾಳೆಯನ್ನು ಇಡಿಯಾಗಿ ತೋರಿಸಿ.