ನಿಸ್ಗಾ ಒಪ್ಪಂದ: ಗೆದ್ದದ್ದೆಷ್ಟು, ತೆತ್ತದ್ದೆಷ್ಟು

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನಾಸ್ ನದಿ ಕಣಿವೆ ನಿಸ್ಗಾ ಜನರ ನೆಲೆ. ಕೇಂದ್ರ ಮತ್ತು ಪ್ರಾಂತ್ಯ ಸರ್ಕಾರಗಳ ಜೊತೆ ಅವರು ಮಾಡಿಕೊಂಡ ಅಂತಿಮ ಒಪ್ಪಂದ 2000ದ ಮೇ 11ರಂದು ಜಾರಿಗೆ ಬಂತು. ಮೂಲನಿವಾಸಿಗಳ ಸ್ವಯಂ ಆಡಳಿತದ ಚರ್ಚೆ ಎಲ್ಲಿ ನಡೆದರೂ ಇದನ್ನು ಮಾದರಿಯೆಂದು ಮುಂದಿಡುತ್ತಾರೆ. ಆಡಳಿತದ ಮಟ್ಟಿಗೆ ಅದು ಸರಿ. ನೆಲದ ಮಟ್ಟಿಗೆ ನಿಸ್ಗಾ ಜನ ತೆತ್ತ ಬೆಲೆ ಮಾತ್ರ ನ್ಯಾಯದ್ದಲ್ಲ.

ಅವರ ತಾಳ್ಮೆಗೆ ಮೊದಲು ತಲೆಬಾಗಬೇಕು. 1887ರಲ್ಲೇ ಅವರ ಮುಖಂಡರು ಪ್ರಾಂತ್ಯದ ರಾಜಧಾನಿ ವಿಕ್ಟೋರಿಯಾಕ್ಕೆ ಹೋಗಿ ನೆಲದ ಹಕ್ಕು ಕೇಳಿ ಬರಿಗೈಯಲ್ಲಿ ಮರಳಿದ್ದರು. 1913ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಅರ್ಜಿ ಹೋಯಿತು. 1927ರಲ್ಲಿ ಕೆನಡಾ ಸರ್ಕಾರ ಇಂಥ ವ್ಯಾಜ್ಯಕ್ಕೆ ಹಣ ಕೂಡಿಸುವುದನ್ನೇ ಅಪರಾಧವಾಗಿಸಿತು. ಆ ನಿಷೇಧ ತೆರವಾದದ್ದು 1951ರಲ್ಲಿ. ಮುಂದೆ ನಿಸ್ಗಾ ಮುಖಂಡ ಫ್ರಾಂಕ್ ಕಾಲ್ಡರ್ ನೇತೃತ್ವದಲ್ಲಿ ಹೂಡಿದ ದಾವೆಯ ತೀರ್ಪು ಸುಪ್ರೀಂ ಕೋರ್ಟಿನಿಂದ 1973ರಲ್ಲಿ ಬಂತು. ಯುರೋಪಿಯನ್ನರು ಬರುವಾಗ ಈ ನೆಲದ ಮೇಲೆ ಮೂಲನಿವಾಸಿಗಳಿಗೆ ಹಕ್ಕು ಇತ್ತೆಂದು ಏಳರಲ್ಲಿ ಆರು ನ್ಯಾಯಮೂರ್ತಿಗಳು ಒಪ್ಪಿದರು. ಅದು ಇನ್ನೂ ಉಳಿದಿದೆಯೇ ಎಂಬಲ್ಲಿ ಮೂವರು ಹೌದು ಎಂದರು, ಮೂವರು ಇಲ್ಲ ಎಂದರು. ಏಳನೆಯವರು ದಾವೆ ಹೂಡಲು ಸರ್ಕಾರದ ಅನುಮತಿ ಇರಲಿಲ್ಲವೆಂಬ ತಾಂತ್ರಿಕ ಕಾರಣಕ್ಕೆ ಕೈಬಿಟ್ಟರು. ಹೀಗೆ ಮೊಕದ್ದಮೆ ಬಿದ್ದುಹೋಯಿತು, ಆದರೆ ಅದೇ ವರ್ಷ ಕೇಂದ್ರ ಸರ್ಕಾರ ಮಾತುಕತೆಯ ನೀತಿ ಪ್ರಕಟಿಸಬೇಕಾಯಿತು. ಸೋತ ತೀರ್ಪನ್ನೇ ಹಿಡಿದು ಎದುರಾಳಿಯನ್ನು ಮಾತುಕತೆಗೆ ಕೂರಿಸಿದ ಈ ನಡೆಗಿಂತ ಜಾಣತನದ್ದು ಆ ಹೋರಾಟದಲ್ಲಿ ಇನ್ನೊಂದಿಲ್ಲ. 1976ರಲ್ಲಿ ಶುರುವಾದ ಮಾತುಕತೆಗೆ ಪ್ರಾಂತ್ಯ ಸರ್ಕಾರ ಬಂದು ಕೂತದ್ದು 1990ರಲ್ಲಿ.

ಒಪ್ಪಂದದಲ್ಲಿ ನನಗೆ ತುಂಬ ಮೆಚ್ಚುಗೆಯಾಗುವುದು ಮೀನುಗಾರಿಕೆಯ ಭಾಗ. ನಾಸ್ ನದಿಯಲ್ಲಿ ನೀರಿನ ಸೆಳೆತಕ್ಕೇ ತಿರುಗುವ ದೊಡ್ಡ ಚಕ್ರಗಳಿವೆ. ಮೊಟ್ಟೆಯಿಡಲು ಮೇಲಕ್ಕೆ ಈಜುವ ಸಾಲ್ಮನ್ ಮೀನು ಚಕ್ರದ ಬುಟ್ಟಿಗೆ ಸಿಕ್ಕಿ ತೊಟ್ಟಿಗೆ ಬೀಳುತ್ತದೆ. ನಿಸ್ಗಾ ಸಿಬ್ಬಂದಿ ಅದನ್ನು ಎಣಿಸಿ, ಗುರುತಿನ ಪಟ್ಟಿ ಕಟ್ಟಿ ಮತ್ತೆ ನೀರಿಗೆ ಬಿಡುತ್ತಾರೆ. ಆಯಾ ವರ್ಷ ಮರಳಿದ ಮೀನಿನ ಲೆಕ್ಕದ ಮೇಲೆ ಅವರ ಪಾಲು ನಿಲ್ಲುತ್ತದೆ. ಲೆಕ್ಕ ಇಡುವವರು ಅವರೇ ಆದ್ದರಿಂದ ಕೇಂದ್ರ ಸರ್ಕಾರದ ಅಧಿಕಾರಿ ಕೊಟ್ಟ ಲೆಕ್ಕವನ್ನಷ್ಟೇ ನಂಬಿ ಕೂರಬೇಕಿಲ್ಲ. ಹಾಗೆಯೇ ಭಾಷೆ, ಸಂಸ್ಕೃತಿ, ನಿಸ್ಗಾ ಪೌರತ್ವದಂಥ ವಿಷಯಗಳಲ್ಲಿ ಅವರ ಶಾಸನಸಭೆಯ ಕಾನೂನಿಗೇ ಮೇಲುಗೈ. ಸಂವಿಧಾನದ 35ನೇ ವಿಧಿಯ ರಕ್ಷಣೆ ಇರುವುದರಿಂದ ಸರ್ಕಾರ ಬದಲಾದರೂ ಇದು ಅಲುಗದು.

ಇನ್ನು ಬೆಲೆಯ ಮಾತು. ಸಿಕ್ಕ ನೆಲ ಸುಮಾರು 2,000 ಚದರ ಕಿಲೋಮೀಟರ್. ಅವರು ತಮ್ಮದೆಂದು ಹೇಳುತ್ತ ಬಂದ ನೆಲದಲ್ಲಿ ಇದು ಹತ್ತನೆಯ ಒಂದು ಪಾಲೂ ಅಲ್ಲ. ಹಕ್ಕನ್ನೇ ಅಳಿಸಿಬಿಡುವ ಹಳೆಯ ಕರಾರುಗಳ ಒಕ್ಕಣೆಯನ್ನು ಇಲ್ಲಿ ಸಡಿಲಿಸಿದ್ದಾರೆ ನಿಜ, ಆದರೆ ಇದೇ ಪೂರ್ಣ ಮತ್ತು ಅಂತಿಮ ಇತ್ಯರ್ಥವೆಂಬ ಮಾತು ಕರಾರಿನಲ್ಲಿದೆ. ಅದಕ್ಕಿಂತ ಕಹಿಯಾದದ್ದು ಸಾಲ. ಮಾತುಕತೆಯ ವಕೀಲರಿಗೆ, ನಕ್ಷೆಗಳಿಗೆ, ಓಡಾಟಕ್ಕೆ ಬೇಕಾದ ಹಣವನ್ನು ನಿಸ್ಗಾ ಜನ ಕೇಂದ್ರ ಸರ್ಕಾರದಿಂದಲೇ ಸಾಲ ತಂದರು. ಅಂದರೆ ಯಾರ ಎದುರು ಚೌಕಾಶಿಗೆ ಕೂತಿದ್ದರೋ ಅವರಿಗೇ ಸಾಲಗಾರರಾದರು. ಮಾತುಕತೆ ಎಳೆದಷ್ಟೂ ಸಾಲ ಏರುತ್ತಿತ್ತು. ಎದ್ದು ಹೊರಟಿದ್ದರೆ ಕೈಗೆ ನೆಲವೂ ಸಿಗುತ್ತಿರಲಿಲ್ಲ, ಹಣವೂ ಸಿಗುತ್ತಿರಲಿಲ್ಲ. ಇಂಥ ಸ್ಥಿತಿಯಲ್ಲಿ ಹಾಕಿದ ಸಹಿಯನ್ನು ಮನಃಪೂರ್ವಕ ಒಪ್ಪಿಗೆ ಎನ್ನಲು ನನಗೆ ಮನಸ್ಸು ಬಾರದು. ಈ ಬಗೆಯ ಸಾಲಗಳನ್ನೆಲ್ಲ ಮನ್ನಾ ಮಾಡಿ, ಈಗಾಗಲೇ ತೀರಿಸಿದವರಿಗೆ ಹಣ ಮರಳಿಸುವುದಾಗಿ ಕೆನಡಾ ತನ್ನ 2019ರ ಬಜೆಟ್‌ನಲ್ಲಿ ಹೇಳಿತು. ತಪ್ಪು ಒಪ್ಪಿಕೊಳ್ಳಲು ಎರಡು ದಶಕ ಹಿಡಿಯಿತು. ನೆರೆಯ ಗಿಟನ್ಯೋ ಜನರಂತೂ ತಮ್ಮ ನೆಲವೂ ಈ ಒಪ್ಪಂದದೊಳಗೆ ಸೇರಿಹೋಗಿದೆಯೆಂದು ಕೋರ್ಟಿಗೆ ಹೋದರು. ಸರ್ಕಾರ ಒಬ್ಬೊಬ್ಬರೊಡನೆ ಬೇರೆಬೇರೆ ಕೂತು ಗಡಿ ಎಳೆದರೆ ಆಗುವುದೇ ಇದು.

ಬೇರೆ ದಾರಿ ಇರಲಿಲ್ಲವೇ? ಅದೇ ಪ್ರಾಂತ್ಯದ ದ್ವೀಪಗಳಲ್ಲಿರುವ ಹೈಡಾ ಜನ 1985ರಲ್ಲಿ ಲಯೆಲ್ ದ್ವೀಪದ ರಸ್ತೆಗೆ ಅಡ್ಡ ಕೂತು ಮರ ಕಡಿಯುವವರನ್ನು ತಡೆದರು. ಆ ಕಾಡಿನ ಬಗ್ಗೆ ಕೆನಡಾದ ಜೊತೆ ಅವರು ಮಾಡಿಕೊಂಡ 1993ರ ಗ್ವಾಯ್ ಹಾನಸ್ ಒಪ್ಪಂದದಲ್ಲಿ ನೆಲ ಯಾರದ್ದೆಂಬ ಪ್ರಶ್ನೆಗೆ ಅವರ ಉತ್ತರವನ್ನೂ ಕೆನಡಾದ ಉತ್ತರವನ್ನೂ ಅಕ್ಕಪಕ್ಕದಲ್ಲೇ ಬರೆದಿದ್ದಾರೆ. ಒಡೆತನದ ತಕರಾರು ಹಾಗೇ ಉಳಿಯಿತು, ಕಾಡು ನೋಡಿಕೊಳ್ಳಲು ಸಮಸಂಖ್ಯೆಯ ಮಂಡಳಿ ಆಯಿತು. ನನ್ನ ಮಟ್ಟಿಗೆ ಇದೇ ಮೇಲಾದ ತಂತ್ರ: ಇವತ್ತಿನ ಕೆಲಸ ಸಾಗಲಿ, ನಾಳಿನ ಹಕ್ಕನ್ನು ಬರೆದುಕೊಡುವುದು ಬೇಡ. ಕಾಲ್ಡರ್ ತೀರ್ಪು ಇರದಿದ್ದರೆ ಈ ದಾರಿಯೂ ತೆರೆಯುತ್ತಿರಲಿಲ್ಲ. ಆ ಋಣ ನಿಸ್ಗಾ ಜನರದ್ದೇ. 2024ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಕೊಲಂಬಿಯಾ ಸರ್ಕಾರ ಇಡೀ ದ್ವೀಪಸಮೂಹದ ಮೇಲೆ ಹೈಡಾ ಜನರ ಹಕ್ಕನ್ನು ಮಾನ್ಯ ಮಾಡಿತು. ಅಲ್ಲಿನ ಖಾಸಗಿ ಆಸ್ತಿಗಳು ಹಾಗೇ ಉಳಿದವು, ಹೈಡಾ ಜನ ಹತ್ತರಲ್ಲಿ ಒಂಬತ್ತು ಪಾಲು ನೆಲ ಬಿಟ್ಟುಕೊಡಬೇಕಾಗಲಿಲ್ಲ.