ಮುಖಪುಟವೂ ಮೂಲಚಿತ್ರವೂ

ಹಳೆಯ ಪತ್ರಿಕೆಗಳ ಸಚಿತ್ರ ಮುಖಪುಟಗಳನ್ನು ಕೂಡಿಸಿ ಪ್ರದರ್ಶಿಸುವವರಲ್ಲಿ ಒಂದು ನಂಬಿಕೆ ಬೇರೂರಿದೆ: ಕಲಾವಿದನು ಬರೆದ ತೈಲಚಿತ್ರವೇ ಮೂಲ, ಅಚ್ಚಾದ ಮುಖಪುಟವು ಅದರ ನೆರಳು ಮಾತ್ರ. ಓಲೆಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ಅಭ್ಯಾಸವುಳ್ಳವರು ಈ ಮಾತನ್ನು ಸುಲಭವಾಗಿ ಒಪ್ಪಲಾರರು. ಅಮೆರಿಕದ ‘ಸ್ಯಾಟರ್‌ಡೇ ಈವ್‌ನಿಂಗ್ ಪೋಸ್ಟ್’ ಪತ್ರಿಕೆಗೆ ಸಂಬಂಧಿಸಿದ ಒಂದು ಪ್ರಸಂಗವನ್ನು ಇಲ್ಲಿ ವಿಚಾರಿಸಬಹುದು.

ನಾರ್ಮನ್ ರಾಕ್‌ವೆಲ್ಲನು 1916ರಿಂದ 1963ರ ವರೆಗೆ ಆ ಪತ್ರಿಕೆಗೆ 300ಕ್ಕೂ ಹೆಚ್ಚು ಮುಖಪುಟಗಳನ್ನು ರಚಿಸಿದನು. 1954ರ ಸೆಪ್ಟೆಂಬರ್ 25ರ ಸಂಚಿಕೆಯ ಮುಖಪುಟದಲ್ಲಿ, ಕಾಲೇಜಿಗೆ ಹೊರಟ ಮಗನೂ ಒಕ್ಕಲಿಗನಾದ ತಂದೆಯೂ ಹಳೆಯ ಲಾರಿಯ ಮೆಟ್ಟಿಲಮೇಲೆ ಕುಳಿತಿದ್ದಾರೆ. ನಾಯಿಯು ಹುಡುಗನ ಮೊಳಕಾಲಮೇಲೆ ತಲೆಯಿಟ್ಟಿದೆ. ಈ ತೈಲಚಿತ್ರವನ್ನು 1960ರಲ್ಲಿ ಒಬ್ಬ ವ್ಯಂಗ್ಯಚಿತ್ರಕಾರನು 900 ಡಾಲರಿಗೆ ಕೊಂಡನು. ಅವನು ತೀರಿಕೊಳ್ಳುವುದಕ್ಕೆ ಮುಂಚೆಯೇ ಅದು ಸ್ಟಾಕ್‌ಬ್ರಿಜ್ಜಿನ ರಾಕ್‌ವೆಲ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾಗಿದ್ದಿತು. ನೋಡಿದ ತಜ್ಞರಿಗೆ ಒಂದು ಶಂಕೆ ಹುಟ್ಟಿತು: ಹುಡುಗನ ಮುಖವು ಅಚ್ಚಾದ ಮುಖಪುಟದಲ್ಲಿದ್ದಂತೆ ಇರಲಿಲ್ಲ. ಯಾರೋ ಅಕುಶಲರು ಚಿತ್ರವನ್ನು ದುರಸ್ತಿಮಾಡಿ ಕೆಡಿಸಿರಬೇಕೆಂದು ಸಮಾಧಾನ ಹೇಳಲಾಯಿತು. 2006ರಲ್ಲಿ ಅವನ ಮಕ್ಕಳು ಮನೆಯ ಹಲಗೆಗೋಡೆಯ ಹಿಂದೆ ನಿಜವಾದ ಚಿತ್ರವನ್ನು ಕಂಡರು. ಪ್ರದರ್ಶನದಲ್ಲಿದ್ದುದು ಅವನೇ ಬರೆದ ನಕಲು! ಅದೇ ವರ್ಷ ನಿಜಚಿತ್ರವು 1 ಕೋಟಿ 54 ಲಕ್ಷ ಡಾಲರಿಗೆ ಹರಾಜಾಯಿತು.

ಇಲ್ಲಿ ಸತ್ಯವನ್ನು ನುಡಿದ ಸಾಕ್ಷಿ ಯಾವುದು? ಲಕ್ಷಗಟ್ಟಲೆ ಅಚ್ಚಾಗಿ, ಓದಿ ಬಿಸುಟ ಅಗ್ಗದ ಕಾಗದ. ಸಾಕ್ಷಿಯೇನೋ ಎಲ್ಲರ ಕಣ್ಣೆದುರಿಗೇ ಇದ್ದಿತು. ಆದರೆ ತೈಲಚಿತ್ರದ ಪ್ರತಿಷ್ಠೆಯು ಅದರ ಬಾಯಿ ಕಟ್ಟಿತು. ಲಿಪಿಕಾರನ ಸ್ಖಾಲಿತ್ಯವೆಂದು ಹೇಳಿ ಒಳ್ಳೆಯ ಪಾಠವನ್ನು ತಳ್ಳಿಬಿಡುವ ಸಂಪಾದಕನ ತಪ್ಪೂ ಇದೇ ಜಾತಿಯದು. ಮುದ್ರಿತ ಪ್ರತಿಯ ಬಣ್ಣವನ್ನು ಪೂರ್ತಿಯಾಗಿ ನಂಬಬೇಕೆಂದು ನಾನು ಹೇಳುವುದಿಲ್ಲ. ಮಸಿಯೂ ಕಾಗದವೂ ಅದನ್ನು ಮಾರ್ಪಡಿಸುತ್ತವೆ. ರೇಖೆಯ ವಿಷಯದಲ್ಲಿ ಮಾತ್ರ ಅದರ ಪ್ರಾಮಾಣ್ಯವನ್ನು ಅಲ್ಲಗಳೆಯುವಂತಿಲ್ಲ.

ಇನ್ನೂ ಒಂದು ಅಂಶವಿದೆ. ಈ ಚಿತ್ರಗಳು ಹುಟ್ಟಿದುದೇ ಅಚ್ಚಿಗಾಗಿ. 1926ಕ್ಕೆ ಮುಂಚೆ ಪೋಸ್ಟಿನ ಮುಖಪುಟಕ್ಕೆ ಸಾಮಾನ್ಯವಾಗಿ ಕೆಂಪು ಕಪ್ಪು ಎಂಬ ಎರಡೇ ಮಸಿಗಳು ದೊರೆಯುತ್ತಿದ್ದವು. ಆ ಕಾಲದ ಚಿತ್ರದಲ್ಲಿ ಕೆಂಪು ಎಲ್ಲಿ ಬಿದ್ದಿದೆಯೆಂಬುದು ಕಲಾವಿದನ ರುಚಿಯನ್ನು ಎಷ್ಟು ತಿಳಿಸುವುದೋ ಅಚ್ಚುಕೂಟದ ಕಟ್ಟುಪಾಡನ್ನೂ ಅಷ್ಟೇ ತಿಳಿಸುವುದು. ಪತ್ರಿಕೆಯ ಹೆಸರು, ತೇದಿ, ಬೆಲೆ ಇವುಗಳನ್ನು ಬಿಟ್ಟು ಚಿತ್ರವನ್ನಷ್ಟೇ ಚಿನ್ನದ ಚೌಕಟ್ಟಿನಲ್ಲಿಟ್ಟರೆ ಈ ಅರ್ಥವು ಮರೆಯಾಗುವುದು. ಮುಖಪುಟವನ್ನು ಸಂಚಿಕೆಯಿಂದ ಕತ್ತರಿಸಿ ಗಾಜಿನೊಳಗೆ ತೂಗುಹಾಕುವ ಸಂಗ್ರಾಹಕರೂ ಇದೇ ಹಾನಿಯನ್ನು ಮಾಡುತ್ತಾರೆ. ಬಿಸಿಲು ತಗುಲಿದ ಕಾಗದವು ಬಣ್ಣಗೆಡುವುದು ಅದರ ಮೇಲಿನ ದಂಡ. ಸಂಚಿಕೆಯನ್ನು ಇಡಿಯಾಗಿ ಮಂದಬೆಳಕಿನಲ್ಲಿಟ್ಟು, ಆಗಾಗ ಬದಲಾಯಿಸುತ್ತ ತೋರಿಸುವುದೇ ಯೋಗ್ಯವೆಂದು ನನ್ನ ಅಭಿಪ್ರಾಯ.

ಪರದೇಶದವರನ್ನು ಆಕ್ಷೇಪಿಸುವಾಗ ನಮ್ಮ ಕಪಾಟುಗಳ ಕಡೆಗೂ ಕಣ್ಣು ಹರಿಯುವುದು. ಕನ್ನಡ ಮಾಸಪತ್ರಿಕೆಗಳ ಹಳೆಯ ಸಂಪುಟಗಳನ್ನು ಬಿಚ್ಚಿದರೆ ಎಷ್ಟೋ ಕಡೆ ಮೊದಲು ಕಾಣುವುದು ಲೇಖನದ ಪುಟವೇ: ರಟ್ಟು ಕಟ್ಟುವವನು ಹೊದಿಕೆಗಳನ್ನೂ ಜಾಹೀರಾತಿನ ಹಾಳೆಗಳನ್ನೂ ಕಿತ್ತು ಬಿಸುಟಿರುತ್ತಾನೆ, ಕಟ್ಟಲು ಕೊಟ್ಟವರು ಬೇಡವೆಂದಿರುವುದಿಲ್ಲ.